ಕಿವಿಯಾಣೆ

ಜನವರಿ 9

ಚಿರಂಜೀವಿ ತಂತಿರಾಣಿಗೆ ನಿನ್ನ ಮಾವನ ಆಶೀರ್ವಾದಗಳು.

ಕಾಗದವನ್ನು ಉಭಯ ಕುಶಲೋಪರಿ ಎಂದು ಶುರು ಮಾಡಬೇಕೆಂದು ನಮ್ಮ ಹಳ್ಳಿ ಶಾಲೆಯ ಮೇಷ್ಟ್ರು ಬೆತ್ತ ಹಿಡಿದು ಕಲಿಸಿದ್ದರು. ನನ್ನ ಕುಶಲ ಚೆನ್ನಾಗಿದೆ. ಉಪರಿ ಎಂದರೇನು ಎಂದು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ನಿನ್ನ ಕಾಗದ ಬಂದಾಗ ಅಂಗಡಿಯಲ್ಲಿ ಮೂವರು ದರ್ಜಿಗಳು ತಮ್ಮ ಹೊಲಿಗೆ ಮೆಷಿನ್ನುಗಳನ್ನು ಮುಂದಿಟ್ಟುಕೊಂಡು ಕೂತಿದ್ದರು. ಬೇಕೆಂದೇ ಗಟ್ಟಿಯಾಗಿ ಓದಿದೆ. ನನ್ನ ಅಕ್ಕನ ಮಗಳು ಜಾಝ್ ಗಿಟಾರ್ ನುಡಿಸುವವಳು, ಈ ಸಲ ಕರೆಂಟಿನ ಗಿಟಾರ್ ಬದಿಗಿಟ್ಟು ಬರೀ ಮರದ ಗಿಟಾರಿನಲ್ಲಿ ಆಲ್ಬಂ ಮಾಡುತ್ತಿದ್ದಾಳೆ, ಎಲ್ಲಾ ನಮ್ಮ ರಾಗಗಳ ನೆರಳಿನಲ್ಲಿ, ಅದರಲ್ಲಿ ಮುಖ್ಯವಾದದ್ದು ಈ ಮಾವನ ಸ್ವಂತ ರಾಗ ಎಂದು ಹೇಳಿದೆ. ಒಬ್ಬ ಕೋಟು ಹೊಲಿಯುವವನು ಕೊಂಕು ತೆಗೆದ.

“ನೀವು ಮೆಷಿನ್ ರಿಪೇರಿಯವರಲ್ವಾ? ರಾಗ ಯಾವಾಗ ಮಾಡಿದ್ರಿ?”

“ಮೆಷಿನ್ನಿಗೂ ಶ್ರುತಿ ಇರುತ್ತೆ ಕಣಯ್ಯಾ. ನಿನ್ನದು ಅಪಶ್ರುತಿ. ಅದಕ್ಕೇ ದಾರ ಹರೀತಿದೆ” ಎಂದೆ.

ಜಾಝ್ ನನಗೆ ಅರ್ಥವಾಗುವುದಿಲ್ಲ ಎಂದುಕೊಳ್ಳಬೇಡ. ನಾಲ್ಕು ಜನ ನಾಲ್ಕು ದಾರಿ ಹಿಡಿದು ಹೋಗಿ ಕೊನೆಗೆ ಒಂದೇ ಬಸ್ ಸ್ಟಾಪಿನಲ್ಲಿ ಸಿಗುವುದು, ಅಷ್ಟೇ ತಾನೆ? ನೀನು ತೊಟ್ಟಿಲಲ್ಲಿದ್ದಾಗ ನಾನು ಹಾಡುತ್ತಿದ್ದದ್ದು ಆ ದಾರಿಗಳಿಗೆಲ್ಲ ಮೂಲ. ಅದರ ಹೆಸರು ಕೇಳಿದ್ದೀಯಲ್ಲ, ಬರೆದುಕೋ: ಮಾತುಲಪ್ರಿಯ. ಮಾತುಲ ಎಂದರೆ ಸೋದರಮಾವ. ಏಳನೇ ಕ್ಲಾಸನ್ನು ಒಂದೇ ಏಟಿಗೆ ಪಾಸು ಮಾಡಿದವನ ಸಂಸ್ಕೃತ ಇದು, ತಮಾಷೆಯಲ್ಲ. ನಿಮ್ಮಮ್ಮ ಇದನ್ನು ಓದಿದರೆ “ಊದಿದ ನೋಡು ಪೀಪಿ” ಎನ್ನುತ್ತಾಳೆ. ಚಿಕ್ಕಂದಿನಿಂದ ನನಗೆ ಅವಳು ಇಟ್ಟ ಹೆಸರೇ ಅದು. ನನ್ನ ಕೀರ್ತಿಯನ್ನು ನಾನೇ ಊದಿಕೊಳ್ಳುತ್ತೇನೆ ಎಂದು ಹೊಟ್ಟೆಕಿಚ್ಚು.

ಅಂದಹಾಗೆ ಅಕ್ಕ ಯಾಕೆ ಫೋನು ಎತ್ತುವುದಿಲ್ಲ? ನನ್ನ ಮೇಲೆ ಸಿಟ್ಟಾ?

ಇಂತಿ ನಿನ್ನ ಮಾವ,
ರಾಗನಿರ್ಮಾಪಕ ಮತ್ತು ಹೊಲಿಗೆ ಮೆಷಿನ್ನುಗಳ ಧನ್ವಂತರಿ


ಜನವರಿ 24

ಪ್ರೀತಿಯ ಮಾವನಿಗೆ,

ಧನ್ವಂತರಿಗಳಿಗೆ ನಮಸ್ಕಾರ. ನಿನ್ನ ಕಾಗದವನ್ನು ಸ್ಟುಡಿಯೋದಲ್ಲಿ ಓದಿದೆ. ಬಾಸ್ ವಾದ್ಯ ನುಡಿಸುವ ಗೆಳತಿ ಅರ್ಥ ಕೇಳಿದಳು. ಬಸ್ ಸ್ಟಾಪಿನ ಮಾತನ್ನು ಹೇಳಿದೆ. ಈಗ ಯಾರು ಹಾಡಿನ ಮಧ್ಯೆ ದಾರಿ ತಪ್ಪಿದರೂ “ಬಸ್ಸು ಹೋಯ್ತು” ಎಂದು ನಗುತ್ತಾರೆ.

ಸ್ಟುಡಿಯೋ ಅಂದರೆ ದೊಡ್ಡದೇನಲ್ಲ. ಒಂದು ಹಳೇ ಗೋದಾಮಿನ ಹಿಂದಿನ ಕೋಣೆ, ಗೋಡೆಗೆಲ್ಲ ಕಂಬಳಿ ಹೊಡೆದಿದ್ದಾರೆ. ಮರದ ಗಿಟಾರಿಗೆ ಇದೇ ಕಷ್ಟ ಮಾವ, ಏನನ್ನೂ ಮುಚ್ಚಿಡುವುದಿಲ್ಲ. ಬೆರಳು ಜಾರಿದರೆ ಕೇಳಿಸುತ್ತದೆ, ಕುರ್ಚಿ ಕಿರುಗುಟ್ಟಿದರೆ ಕೇಳಿಸುತ್ತದೆ, ನಾನು ಉಗುಳು ನುಂಗಿದರೂ ಕೇಳಿಸುತ್ತದೆ.

ಒಂದು ವಿಷಯ ನನ್ನ ತಲೆ ತಿನ್ನುತ್ತಿದೆ. ನಿನ್ನ ಮಾತುಲಪ್ರಿಯದಲ್ಲಿ ಕೆಳಗಿನ ಸ್ಥಾಯಿಯಲ್ಲಿ ನಿಷಾದ ಇದೆ. ಮಧ್ಯದಲ್ಲಿ ಮಾತ್ರ ಇಲ್ಲ. ಒಂದು ಸ್ವರ ಬಿಟ್ಟರೆ ಪೂರ್ತಿ ಬಿಡಬೇಕು, ಇಟ್ಟರೆ ಪೂರ್ತಿ ಇಡಬೇಕು. ಕೆಳಗೆ ಬರಮಾಡಿಕೊಂಡು ಮೇಲೆ ಬಾಗಿಲು ಹಾಕುವ ರಾಗವನ್ನು ನನಗೆ ಕಲಿಸಿದ ಹಾಡುಗಾರರೂ ಕಂಡಿಲ್ಲವಂತೆ. “ಯಾರಪ್ಪಾ ಈ ಮಹಾನುಭಾವ?” ಎಂದರು. ಇನ್ನೊಂದು: ಆ ಜಾಗ ಬಂದಾಗಲೆಲ್ಲ ನೀನು ಸ್ವರದ ಬದಲು “ಉಸ್ಸ್” ಎಂದು ಉಸಿರು ಬಿಡುತ್ತಿದ್ದೆ, ನೆನಪಿದೆಯಾ? ನಾನು ಅಲ್ಲಿ ತಂತಿ ಮೀಟದೆ ಅಂಗೈಯನ್ನು ತಂತಿಗಳ ಮೇಲೆ ಸವರುತ್ತೇನೆ. ಹಾಗೇ ಉಸ್ಸ್ ಎನ್ನುತ್ತದೆ. ಇಡೀ ಆಲ್ಬಂ ಆ ಉಸಿರಿನ ಸುತ್ತಲೇ ಬೆಳೆದಿದೆ.

ಅಮ್ಮನಿಗೆ ಸಿಟ್ಟಿಲ್ಲ. ನಿನಗೆ ಹೇಳಬೇಡ ಎಂದಿದ್ದಳು, ಹೇಳುತ್ತಿದ್ದೇನೆ. ಅವಳ ಕಿವಿ ಹೋಗುತ್ತಿದೆ. ಒಂದು ಕಿವಿ ಪೂರ್ತಿ ಹೋಗಿದೆ, ಇನ್ನೊಂದು ದಿನದಿನಕ್ಕೆ ಇಳಿಯುತ್ತಿದೆ. ವರ್ಷದೊಳಗೆ ಅದೂ ಇರಲಾರದು ಎಂದರು ಡಾಕ್ಟರು. ನನ್ನ ಆತುರಕ್ಕೆ ಅದೇ ಕಾರಣ. ಅವಳಿಗೆ ಕೇಳಿಸುವಾಗಲೇ ಇದು ಮುಗಿಯಬೇಕು.

ಕಳೆದ ವಾರ ಕಚ್ಚಾ ರೆಕಾರ್ಡಿಂಗ್ ಕೇಳಿಸಿದೆ. ಹೆಡ್‌ಫೋನ್ ಹಾಕಿಕೊಂಡು ಕಣ್ಣು ಮುಚ್ಚಿ ಕೂತಿದ್ದಳು. ಮೊದಲ ಉಸ್ಸ್ ಬಂದದ್ದೇ ತಡ, ಹೆಡ್‌ಫೋನ್ ಕಿತ್ತಿಟ್ಟು ಎದ್ದುಹೋಗಿ ಒಗೆದ ಬಟ್ಟೆ ಮಡಚತೊಡಗಿದಳು. ಮಡಚಿದ್ದನ್ನೇ ಬಿಚ್ಚಿ ಮತ್ತೆ ಮಡಚಿದಳು. ಪಾಪ, ಅವಳಿಗೆ ಸಂಗೀತವೇ ಅಷ್ಟಕ್ಕಷ್ಟೆ. ಒಂದು ದಿನ ಗುನುಗಿದ್ದನ್ನೂ ನಾನು ಕೇಳಿಲ್ಲ.

ಆಲ್ಬಮ್ಮಿನ ಹೊದಿಕೆಯ ಮೇಲೆ ಹಾಕಲು ನಿನ್ನ ಪೂರ್ತಿ ಹೆಸರು ಇನಿಷಿಯಲ್ ಸಮೇತ ಬರೆದು ಕಳಿಸು. ನಿನ್ನ ಗುರುಗಳ ಬಗ್ಗೆಯೂ ಎರಡು ಸಾಲು.

ನಿನ್ನ ತಂತಿರಾಣಿ


ಫೆಬ್ರವರಿ 3

ಚಿರಂಜೀವಿ ತಂತಿರಾಣಿಗೆ ಆಶೀರ್ವಾದಗಳು.

ನನ್ನ ಗುರುಗಳು ಮಹಾ ಮೌನಿಗಳು. ಹೆಸರು ಹೇಳಕೂಡದೆಂದು ಮಾತು ತೆಗೆದುಕೊಂಡಿದ್ದರು. ಗಡ್ಡ ಇಷ್ಟುದ್ದ ಇತ್ತು. ಆ ನಿಷಾದದ ಗುಟ್ಟನ್ನು ಅವರು ನನ್ನ ಬಲಗಿವಿಯಲ್ಲಿ ಹೇಳಿದರು, ಎಡಗಿವಿಗೂ ತಿಳಿಯದ ಹಾಗೆ. ಹೊದಿಕೆಯಲ್ಲಿ “ಗುರುಮುಖೇನ” ಎಂದು ಹಾಕು, ಭಾರವಾಗಿ ಕಾಣುತ್ತದೆ.

ಡಾಕ್ಟರು ಅಕ್ಕನ ಕಿವಿಗೆ ಕಾರಣ ಏನು ಎಂದರು? ಅದನ್ನು ನೀನು ಬರೆದಿಲ್ಲ. ವಯಸ್ಸು ಎಂದರಾ? ಅವಳಿಗಿನ್ನೂ ಅರವತ್ತಮೂರು. ನನಗಿಂತ ಎರಡೇ ವರ್ಷ ದೊಡ್ಡವಳು, ನನಗೆ ಸೂಜಿ ಬಿದ್ದರೂ ಕೇಳಿಸುತ್ತದೆ. ಜ್ವರ ಬಂದಿತ್ತಾ? ಏಟು ಬಿದ್ದಿತ್ತಾ? ಎರಡೂ ಇಲ್ಲವೆಂದರೆ ಮತ್ತೇನು? ಸರಿಯಾಗಿ ಕೇಳಿ ಬರೆ. ಯಾವ ಕಾರಣವೂ ಇಲ್ಲದೆ ಕಿವಿ ಹೋಗುವುದುಂಟಾ? ದೊಡ್ಡ ಡಾಕ್ಟರಿಗೆ ತೋರಿಸಿದ್ದೀರಾ ಅಥವಾ ಬೀದಿ ಕೊನೆಯವನಿಗಾ? ಕಾರಣ ತಿಳಿದರೆ ಅರ್ಧ ರಿಪೇರಿ ಆದ ಹಾಗೆ, ಮೂವತ್ತೈದು ವರ್ಷದಿಂದ ಈ ಕೆಲಸ ಮಾಡಿದವನು ಹೇಳುತ್ತಿದ್ದೇನೆ.

ನನ್ನ ಹೆಸರಿಗೆ ಅವಸರವಿಲ್ಲ.

ಒಂದು ಕೇಳುವುದಿತ್ತು. ಎದ್ದುಹೋದಾಗ ಅವಳು ಅತ್ತಳಾ?

ನಿನ್ನ ಮಾವ,
ಧನ್ವಂತರಿ


ಫೆಬ್ರವರಿ 15

ಮಾವ,

ಡಾಕ್ಟರ ಬಗ್ಗೆ ನೀನು ಕಳಿಸಿದ ಪ್ರಶ್ನೆ ಪತ್ರಿಕೆ ಓದಿ ನಗು ಬಂತು. ನಿನಗೂ ಕಿವಿ ಹೋಗುತ್ತದೆಂದು ಹೆದರಿದ್ದೀಯ, ಅಲ್ಲವಾ? ಹೆದರಬೇಡ. ನರದ ತೊಂದರೆಯಂತೆ. ಯಾಕೆಂದು ಕೇಳಿದ್ದಕ್ಕೆ “ಇಂಥದ್ದೇ ಕಾರಣ ಅಂತ ಹೇಳಕ್ಕಾಗಲ್ಲ, ಕೆಲವರಿಗೆ ಹೀಗೆ” ಎಂದರು. ದೊಡ್ಡ ಡಾಕ್ಟರೇ.

ಅತ್ತಳಾ ಎಂದು ಕೇಳಿದ್ದೀಯ. ಅಮ್ಮ ಅತ್ತದ್ದನ್ನು ನಾನು ಯಾವತ್ತು ನೋಡಿದ್ದೇನೆ? ಆದರೆ ಮೊನ್ನೆ ಅವಳೇ ಬಂದು ಎದುರು ಕೂತಳು.

“ಅದನ್ನ ಇನ್ನೊಂದ್ಸಲ ಬಾರಿಸು.”

ಬಾರಿಸಿದೆ. ಅಂಗೈಯನ್ನು ಗಿಟಾರಿನ ಹೊಟ್ಟೆಗೆ ಒತ್ತಿಟ್ಟುಕೊಂಡು ಕೇಳಿದಳು. ಉಸ್ಸ್ ಬಂತು.

“ಹೂಂ. ಅಲ್ಲೇ” ಎಂದಳು. ಆಮೇಲೆ ಕೇಳಿದಳು, “ಇದನ್ನ ಅವನೇ ಮಾಡಿದ್ದಂತಾ?”

“ಹೌದಮ್ಮ, ಮಾವನದೇ ರಾಗ. ಅವನ ಗುರುಗಳು ಗುಟ್ಟು ಹೇಳಿದ್ದಂತೆ.”

“ಗುರುಗಳಾ!” ಎಂದು ನನ್ನ ಮುಖವನ್ನೇ ನೋಡಿದಳು. “ಹಾಗಂದಿದ್ರೆ ಹಾಗೇ ಹಾಕು. ಪೀಪಿ ಊಟ ಸರಿಯಾಗಿ ಮಾಡ್ತಾನಂತಾ, ಕೇಳು.”

ನೋಡು, ನಿನ್ನ ಮೇಲೆ ಎಷ್ಟು ಅಕ್ಕರೆ. ಹೊದಿಕೆ ಮಾರ್ಚ್ ಹತ್ತಕ್ಕೆ ಪ್ರೆಸ್ಸಿಗೆ ಹೋಗುತ್ತದೆ. ಮೊದಲ ಪ್ರತಿಯನ್ನು ಅಮ್ಮನ ಕೈಗೆ ಕೊಟ್ಟು, ಉಳಿದ ಕಿವಿಗೆ ಹೆಡ್‌ಫೋನ್ ಇಟ್ಟು ಕೂರಿಸುತ್ತೇನೆ. ಹೆಸರು ಬೇಗ ಕಳಿಸು.

ತಂತಿರಾಣಿ


ಫೆಬ್ರವರಿ 22

ತಂತಿರಾಣಿ,

ಯೋಚಿಸಿ ನೋಡಿದೆ. ನನ್ನ ಹೆಸರನ್ನು ಸಣ್ಣ ಅಕ್ಷರದಲ್ಲಿ ಹಾಕು. ಹಾಕದಿದ್ದರೂ ಆಗುತ್ತದೆ. ನಿಜ ಹೇಳಬೇಕೆಂದರೆ ಹಾಕಲೇಬೇಡ. ಆ ರಾಗದಲ್ಲಿ ಅಲ್ಲಿ ಇಲ್ಲಿ ನಿಮ್ಮಮ್ಮನದೂ ಸ್ವಲ್ಪ ಕೈವಾಡ ಇರಬಹುದು. ಚಿಕ್ಕವರಿದ್ದಾಗ ಒಂದೇ ಮನೆಯಲ್ಲಿ ಇದ್ದೆವಲ್ಲ, ಗಾಳಿಯಲ್ಲಿ ಬಂದು ಸೇರಿಕೊಂಡಿರುತ್ತದೆ. ಅವಳ ಹೆಸರು ಹಾಕು. ಗುರುಗಳನ್ನೂ ಬಿಟ್ಟುಬಿಡು, ಅವರಿಗೆ ಪ್ರಚಾರ ಇಷ್ಟವಿಲ್ಲ.

ಊಟ ಮಾಡುತ್ತಿದ್ದೇನೆ ಎಂದು ಹೇಳು.

ಮಾವ


ಫೆಬ್ರವರಿ 28

ಮಾವಾ!

ಅರವತ್ತೊಂದು ವರ್ಷಕ್ಕೆ ವಿನಯ ಬಂತಾ ನಿನಗೆ? ಜ್ವರ ಇದೆಯಾ ನೋಡಿಕೋ. ಕಿವುಡಾಗುತ್ತಿರುವ ಅಕ್ಕನಿಗೆ ಸಮಾಧಾನವಾಗಲಿ ಎಂದು ನಿನ್ನ ರಾಗವನ್ನೇ ಬಿಟ್ಟುಕೊಡುತ್ತೀಯಾ! ಬಾಸ್ ಗೆಳತಿಗೆ ಹೇಳಿದೆ, ಅವಳ ಕಣ್ಣಲ್ಲಿ ನೀರು. ಆದರೆ ಅಮ್ಮನಿಗೆ ಸುಳ್ಳು ಹೆಸರು ಬೇಡ. ನಿನ್ನ ಹೆಸರು ದೊಡ್ಡ ಅಕ್ಷರದಲ್ಲೇ ಬರುತ್ತದೆ. ಆಲ್ಬಮ್ಮಿನ ಹೆಸರೂ “ಮಾತುಲಪ್ರಿಯ” ಎಂದೇ ಗಟ್ಟಿಯಾಯಿತು. ಇನ್ನು ಹಿಂದೆ ಸರಿಯುವ ಮಾತಿಲ್ಲ.

ನಿನ್ನ ಹೆಮ್ಮೆಯ ಸೊಸೆ


ಮಾರ್ಚ್ 4

ಮಗಳೇ,

ಈ ಕಾಗದ ಹತ್ತನೇ ತಾರೀಖಿನೊಳಗೆ ತಲುಪಬೇಕೆಂದು ನಾನೇ ದೊಡ್ಡ ಅಂಚೆ ಕಚೇರಿಗೆ ಹೋಗಿ ಹಾಕುತ್ತಿದ್ದೇನೆ. ಕವರಿನೊಳಗೆ ಹತ್ತಿಯಲ್ಲಿ ಸುತ್ತಿದ ಒಂದು ಚೂರು ಇದೆ. ಬಿಸಾಡಬೇಡ, ಮೊದಲು ಓದು.

ಗುರುಗಳು ಇಲ್ಲ. ಗಡ್ಡವೂ ಇಲ್ಲ. ರಾಗ ಪೂರ್ತಿ ನಿಮ್ಮಮ್ಮನದು.

ನಮ್ಮ ಮನೆಯಲ್ಲಿ ಒಂದು ಹಾರ್ಮೋನಿಯಂ ಇತ್ತು. ಅಕ್ಕನಿಗೆ ಹನ್ನೊಂದು ವರ್ಷ. ವಾರಕ್ಕೆ ಎರಡು ದಿನ ಸಂಗೀತದ ಮೇಷ್ಟ್ರು ಬರುತ್ತಿದ್ದರು. ಅವಳು ಬಾರಿಸಿದರೆ ದಾರಿಯಲ್ಲಿ ಹೋಗುವವರು ಸೈಕಲ್ ಇಳಿದು ನಿಲ್ಲುತ್ತಿದ್ದರು. ಇದು ನನ್ನ ಜಂಬದ ಮಾತಲ್ಲ, ಬೇಕಾದರೆ ಇದೊಂದನ್ನು ನಂಬು. ನನಗೆ ಒಂಬತ್ತು. ನನಗಾಗಿ ಯಾರೂ ಸೈಕಲ್ ಇಳಿಯುತ್ತಿರಲಿಲ್ಲ.

ಒಂದು ಮಧ್ಯಾಹ್ನ ಅಪ್ಪನ ತಿರುಪುಳಿ ತೆಗೆದುಕೊಂಡು ಆ ಪೆಟ್ಟಿಗೆ ಬಿಚ್ಚಿದೆ. ಒಳಗೆ ಹಲ್ಲು ಜೋಡಿಸಿದ ಹಾಗೆ ಹಿತ್ತಾಳೆಯ ನಾಲಿಗೆಗಳು, ಸ್ವರಕ್ಕೊಂದು. ಮಧ್ಯದ್ದೊಂದು ಕಿತ್ತೆ. ಹಿತ್ತಲಿಗೆ ಹೋಗಿ ತುಟಿಗಿಟ್ಟು ಊದಿದರೆ ಎಂಥಾ ಪೀಪಿ ಅಂತೀಯ! ಮತ್ತೆ ಹಾಕಿಬಿಡೋಣ ಎಂದೇ ಇದ್ದೆ. ಅಷ್ಟರಲ್ಲಿ ಮೇಷ್ಟ್ರು ಬಂದರು. ಅಕ್ಕ ಬಾರಿಸಿದಳು, ಆ ಕೀ ಒತ್ತಿದರೆ ಸ್ವರ ಇಲ್ಲ, ಬರೀ ಗಾಳಿ. ಉಸ್ಸ್.

ಅಪ್ಪ ಕೇಳಿದರು, “ಯಾರು ಮುಟ್ಟಿದ್ದು ಇದನ್ನ?” ಅದನ್ನು ಮುಟ್ಟುತ್ತಿದ್ದವಳು ಅವಳೊಬ್ಬಳೇ. ಎರಡು ಏಟು ಬಿತ್ತು. ವಸ್ತುವಿನ ಬೆಲೆ ಗೊತ್ತಿಲ್ಲದವಳಿಗೆ ಪಾಠ ಯಾಕೆ ಎಂದು ಮೇಷ್ಟ್ರನ್ನು ಕಳಿಸಿಬಿಟ್ಟರು. ನಾನು ಅಲ್ಲೇ ಕಂಬದ ಪಕ್ಕ ನಿಂತಿದ್ದೆ. ಆ ನಾಲಿಗೆ ನನ್ನ ಚಡ್ಡಿಯ ಜೇಬಿನಲ್ಲಿತ್ತು. ಬಾಯಲ್ಲಿದ್ದ ನಾಲಿಗೆ ಏಳಲಿಲ್ಲ.

ಸಂಜೆ ಅಕ್ಕ ನನ್ನ ಕಿವಿ ಹಿಂಡಿ ಕೇಳಿದಳು. “ನಿಜ ಹೇಳೋ, ನೀನೇನಾ?” ನಾನು ಏನೆಂದೆ ಗೊತ್ತಾ? “ನಿನ್ನ ಕಿವಿಯಾಣೆಗೂ ನಾನಲ್ಲ” ಎಂದೆ. ಹಿಂಡಿಸಿಕೊಂಡದ್ದು ನನ್ನ ಕಿವಿ. ಅದರ ಮೇಲೆ ಆಣೆ ಇಟ್ಟರೆ ಎಲ್ಲಿ ಹೋಗಿಬಿಡುತ್ತದೋ ಎಂಬ ಹೆದರಿಕೆಗೆ ಉಪಾಯವಾಗಿ ಅವಳದರ ಮೇಲೆ ಇಟ್ಟೆ. ಅಷ್ಟು ಜಾಣ ನಾನು. ಅವಳು ಕೈ ಬಿಟ್ಟಳು.

ಹಾರ್ಮೋನಿಯಂ ಇನ್ನೂ ಎರಡು ಮೂರು ತಿಂಗಳು ಮನೆಯಲ್ಲಿತ್ತು. ಅಪ್ಪ ಕೆಲಸಕ್ಕೆ ಹೋದ ಮೇಲೆ ಅವಳು ಕದ್ದು ಬಾರಿಸುತ್ತಿದ್ದಳು. ಆ ಸತ್ತ ಕೀಯ ಸುತ್ತ ಒಂದು ದಾರಿ ಮಾಡಿಕೊಂಡಳು. ಕೆಳಗಿನ ನಿಷಾದ ಸರಿಯಾಗಿತ್ತು, ಮಧ್ಯದ್ದು ನನ್ನ ಜೇಬಿನಲ್ಲಿತ್ತು. ನಿನ್ನ ಹಾಡುಗಾರರು ಯಾವ ಪುಸ್ತಕದಲ್ಲೂ ಕಾಣದ ರಾಗಲಕ್ಷಣ ಇಷ್ಟೇ. ಕೆಲವೊಮ್ಮೆ ಅವಳು ಬೇಕೆಂದೇ ಆ ಕೀ ಒತ್ತುತ್ತಿದ್ದಳು, ಗಾಳಿ ಹೋಗಲಿ ಎಂದು. ಆಮೇಲೆ ಅಪ್ಪ ಪೆಟ್ಟಿಗೆಯನ್ನು ಯಾರಿಗೋ ಕೊಟ್ಟರು. ಅವಳು ಮತ್ತೆ ಹಾಡಲಿಲ್ಲ. ಅವಳಿಗೆ ಸಂಗೀತ ಅಷ್ಟಕ್ಕಷ್ಟೆ ಎಂದು ಬರೆದಿದ್ದೆ ನೀನು. ಅದನ್ನು ಓದಿದ ದಿನ ಅಂಗಡಿ ಬಾಗಿಲು ಹಾಕಿ ಒಳಗೆ ಕೂತಿದ್ದೆ.

ನಿನ್ನ ತೊಟ್ಟಿಲ ಹತ್ತಿರ ಹಾಡಿದಾಗ ನೆರೆಮನೆಯಾಕೆ “ಯಾರದ್ದು ಈ ರಾಗ, ಚೆನ್ನಾಗಿದೆ” ಎಂದಳು. “ನಂದೇ” ಎಂದುಬಿಟ್ಟೆ. ಅಕ್ಕ ಅಲ್ಲೇ ಇದ್ದಳು. ಏನೂ ಹೇಳಲಿಲ್ಲ. ಹೇಳಲಿಲ್ಲವಲ್ಲ ಎಂದು ನಾನು ಇನ್ನಷ್ಟು ಊದಿದೆ.

ಸತ್ತ ಮೆಷಿನ್ನುಗಳನ್ನು ಎಬ್ಬಿಸಿ ಕೂರಿಸುವವನು ಎಂದು ಊರೆಲ್ಲ ಹೇಳಿಕೊಂಡು ತಿರುಗಿದೆ. ನಾಲ್ಕು ತಿರುಪಿನ ಆ ಕೆಲಸ ಒಂದನ್ನು ಮಾಡಲಿಲ್ಲ. ನಾಲಿಗೆ ಐವತ್ತೆರಡು ವರ್ಷ ನನ್ನ ಸೂಜಿ ಡಬ್ಬಿಯಲ್ಲಿತ್ತು. ಅದೇ ಈ ಚೂರು.

ಕಾರಣ ಹೇಳಕ್ಕಾಗಲ್ಲ ಎಂದರಂತಲ್ಲ ಡಾಕ್ಟರು. ಅವರಿಗೆ ಹೇಗೆ ಗೊತ್ತಾಗಬೇಕು? ಕಾರಣ ನಾನು. ಬರೀ ಏಳನೇ ಕ್ಲಾಸು ಓದಿದವನ ಮೂಢತನ ಎಂದು ನೀನು ನಗಬಹುದು. ನಗು. ಆದರೆ ಆಣೆ ಇಟ್ಟವನಿಗೆ ಗೊತ್ತಿರುತ್ತದೆ.

ಅಕ್ಕನಿಗೆ ಓದಲು ಕೊಡುವುದು ಬಿಡುವುದು ನಿನಗೆ ಬಿಟ್ಟದ್ದು. ನನ್ನ ಹೆಸರು ಮಾತ್ರ ಪ್ರೆಸ್ಸಿಗೆ ಹೋಗಬಾರದು.

ಮಾವ


ಮಾರ್ಚ್ 11

ಮಾವನವರಿಗೆ,

ನಿಮ್ಮ ಕಾಗದ ಒಂಬತ್ತಕ್ಕೆ ತಲುಪಿತು. ಹೊದಿಕೆ ನಿಲ್ಲಿಸಿದ್ದೇನೆ. ರಚನೆ ಎಂಬಲ್ಲಿ ಅಮ್ಮನ ಹೆಸರು ಬರುತ್ತದೆ. ಆಲ್ಬಮ್ಮಿಗೆ ಸದ್ಯಕ್ಕೆ ಹೆಸರಿಲ್ಲ.

ನಿಮ್ಮನ್ನು ಬೈದು ನಾಲ್ಕು ಪುಟ ಬರೆದಿದ್ದೆ. ಹರಿದೆ. ನನ್ನನ್ನೇ ಬೈದುಕೊಳ್ಳಬೇಕು. ಮನೆಯಲ್ಲೇ ಇದ್ದವಳನ್ನು ಬಿಟ್ಟು ಊರೆಲ್ಲ ರಾಗದ ಮೂಲ ಕೇಳಿಕೊಂಡು ಬಂದೆ. ಅಮ್ಮ ಬಟ್ಟೆ ಮಡಚುತ್ತಿದ್ದಾಗ ನಾನು ಪಕ್ಕದ ಕೋಣೆಯಲ್ಲಿ ತಂತಿ ಬಿಗಿ ಮಾಡುತ್ತಿದ್ದೆ.

ಕಾಗದವನ್ನು ಅವಳಿಗೆ ಕೊಟ್ಟೆ. ಕಿಟಕಿಯ ಹತ್ತಿರ ಹೋಗಿ ಓದಿದಳು. ಹತ್ತಿ ಬಿಡಿಸಿ ಆ ಚೂರನ್ನು ಬೆಳಕಿಗೆ ಹಿಡಿದಳು, ಸೆರಗಿನಲ್ಲಿ ಒರೆಸಿದಳು. ಅಂಚನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಉಗುರಿನಿಂದ ಮೀಟಿದಳು. ಕಿವಿಗೆ ಗೊತ್ತಾಗದ್ದು ಹಲ್ಲಿಗೆ ಗೊತ್ತಾಯಿತೋ ಏನೋ, ಸುಮಾರು ಹೊತ್ತು ಮೀಟುತ್ತಲೇ ಇದ್ದಳು.

ಉಸ್ಸ್ ತೆಗೆದು ಅಲ್ಲಿ ನಿಷಾದ ಹಾಕಲಾ ಎಂದು ಕೇಳಿದೆ, ಚೀಟಿಯಲ್ಲಿ ಬರೆದು. ಈಗ ನಾವು ಹೆಚ್ಚಾಗಿ ಹಾಗೇ ಮಾತಾಡುವುದು.

“ಬೇಡ. ರಾಗ ನಂದು, ಉಸ್ಸ್ ಅವನದು. ಇರಲಿ” ಎಂದಳು.

ಅವಳೇ ಬರೆದದ್ದು ಕೆಳಗಿದೆ.

*ಪೀಪಿ,*

*ಕಿವಿ ನಮ್ಮಪ್ಪನಿಗೂ ಹೀಗೇ ಹೋಗಿತ್ತು, ನೀನು ಮರೆತಿದ್ದೀಯ. ಆಣೆಗೆ ಅಷ್ಟು ಶಕ್ತಿ ಇದ್ದಿದ್ದರೆ ನಿನ್ನ ನಾಲಿಗೆ ಯಾವತ್ತೋ ಬಿದ್ದುಹೋಗಬೇಕಿತ್ತು.*

*ನಿನಗೆ ಪೀಪಿ ಎಂದು ಯಾವತ್ತಿನಿಂದ ಕರೆಯುತ್ತಿದ್ದೇನೆ, ನೆನಪು ಮಾಡಿಕೋ. ನೀನು ಹಿತ್ತಲಲ್ಲಿ ಊದಿದ್ದು ಒಳಗೆ ಕೇಳಿಸಿತ್ತು. ಆಗ ನನ್ನ ಕಿವಿ ಚೆನ್ನಾಗಿತ್ತು. ಗೊತ್ತಿದ್ದೇ ನಿನ್ನನ್ನು ಕೇಳಿದೆ. ಅಪ್ಪನಿಗೆ ನಾನು ಹೇಳಲಿಲ್ಲ, ನೀನೇ ಹೇಳುತ್ತೀಯ ಎಂದು.*

*ಒಂದಲ್ಲ ಒಂದು ದಿನ ಎದುರಿಗೆ ಬಂದು ಹೇಳುತ್ತೀಯ, ನಿನ್ನ ಬಾಯಿಂದ ಕೇಳಬೇಕು ಎಂದಿದ್ದೆ. ಕೊನೆಗೂ ಓದಬೇಕಾಯಿತು.*


ಮಾರ್ಚ್ 15

ಮಗಳೇ,

ನನ್ನನ್ನು “ನೀವು” ಎಂದಿದ್ದೀಯ. ಹುಟ್ಟಿದಾಗಿನಿಂದ “ನೀನು” ಎಂದವಳು. ಆ ಒಂದು “ವು” ಅಪ್ಪನ ಎರಡು ಏಟಿಗಿಂತ ಜೋರಾಗಿ ಬಿತ್ತು. ಬೀಳಲಿ, ಅದು ನನಗೆ ಬರಬೇಕಾದದ್ದೇ. ಐವತ್ತೆರಡು ವರ್ಷ ತಡವಾಗಿದೆ ಅಷ್ಟೇ.

ಪೀಪಿ ಎಂದರೆ ಜಂಬದವನು ಎಂದುಕೊಂಡೇ ಬದುಕಿದೆ. ಅವಳು ದಿನಾ ನನ್ನನ್ನು ಕರೆದು ಕೇಳುತ್ತಿದ್ದಳು, ನಾನು ದಿನಾ “ಏನಕ್ಕಾ?” ಎಂದು ಓಗೊಡುತ್ತಿದ್ದೆ.

ಬುಧವಾರದ ಬಸ್ಸಿಗೆ ಸೀಟು ಹಿಡಿದಿದ್ದೇನೆ. ಅಂಗಡಿಯ ಬಾಗಿಲಿಗೆ “ರಿಪೇರಿಗೆ ಹೋಗಿದ್ದೇನೆ” ಎಂದು ಬರೆದು ಹಾಕಿದ್ದೇನೆ. ಮಾತನ್ನು ಇಲ್ಲಿಂದಲೇ ಅಭ್ಯಾಸ ಮಾಡುತ್ತಿದ್ದೇನೆ. ಮೆಷಿನ್ನುಗಳ ಮುಂದೆ ನಿಂತು ಗಟ್ಟಿಯಾಗಿ, “ಅಕ್ಕಾ, ನಾನೇ ತೆಗೆದದ್ದು.” ಕೋಟಿನ ದರ್ಜಿ ಹಣಿಕಿ ನೋಡಿ “ಯಾರಿಗೆ ಸ್ವಾಮಿ?” ಎಂದ. ಅವನ ಕಡೆ ತಿರುಗದೆ ಇನ್ನೊಮ್ಮೆ ಹೇಳಿದೆ, ಇನ್ನೂ ಗಟ್ಟಿಯಾಗಿ.

ಒಂದು ವಿಷಯ ನೀನು ಬರೆದೇ ಇಲ್ಲ. ಇನ್ನೂ ಸ್ವಲ್ಪ ಕೇಳಿಸುವುದು ಯಾವ ಕಿವಿ, ಎಡವೋ ಬಲವೋ? ಮಂಗಳವಾರದೊಳಗೆ ಫೋನು ಮಾಡಿಯಾದರೂ ತಿಳಿಸು. ಆ ಕಡೆ ಕೂರಬೇಕು.

ಪೀಪಿ